ನನ್ನ ಅರವಟ್ಟಿಗೆ

ಬೇಸಗೆ ಬಂದಿತೆಂದರೆ ನಮ್ಮ ಊರ ಮುಂದಿನ ಹೊಂಗೆಮರದ ಬುಡದಲ್ಲಿ ಅವ್ವ ಎರಡು ಮಣ್ಣಿನ ಗಡಿಗೆಗಳನ್ನಿಟ್ಟು ನೀರು ತುಂಬುತ್ತಾಳೆ. ಯುಗಾದಿಯಿಂದ ಮೊದಲ ಮಳೆ ಬೀಳುವವರೆಗೆ ಈ ಅರವಟ್ಟಿಗೆ ನಡೆಯುತ್ತದೆ. ದಾರಿಹೋಕರು ಬರುತ್ತಾರೆ, ಕುಡಿಯುತ್ತಾರೆ, ಬಾಯೊರಸಿಕೊಂಡು ಹೋಗುತ್ತಾರೆ. ಅವರು ಯಾರೆಂದು ಅವ್ವ ಕೇಳುವುದಿಲ್ಲ. ನೀರಿಟ್ಟವರು ಯಾರೆಂದು ಅವರೂ ಕೇಳುವುದಿಲ್ಲ. ಈಗ ಬಾಟಲಿಯ ನೀರು ಬೀಡಿ ಅಂಗಡಿಯಲ್ಲಿಯೂ ಸಿಗುವುದರಿಂದ ಕುಡಿಯುವವರು ಕಡಮೆಯಾಗಿದ್ದಾರೆ. ಕೆಲವು ದಿನ ಕಾಗೆಗಳ ಹೊರತು ಬೇರೆ ಅತಿಥಿಗಳೇ ಇರುವುದಿಲ್ಲ. ಆದರೂ ಸಂಜೆ ಉಳಿದ ನೀರನ್ನು ಮರಕ್ಕೆ ಚೆಲ್ಲಿ ಬೆಳಗ್ಗೆ ಹೊಸ ನೀರು ತುಂಬುವುದನ್ನು ಅವಳು ಬಿಟ್ಟಿಲ್ಲ. "ಇದರಿಂದ ನಿನಗೇನವ್ವ ಲಾಭ?" ಎಂದು ನಾನು ಒಮ್ಮೆ ಕೇಳಿದ್ದುಂಟು. ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದುವವನು ಕೇಳಬೇಕಾದ ಪ್ರಶ್ನೆಯೇ ಅದು. ಅವಳು ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಅಂಥ ಪ್ರಶ್ನೆ ಕೇಳಿದ ನಾನೇ ೨೦೨೩ರ ಆಗಸ್ಟ್ ತಿಂಗಳಿನಿಂದ ಸುಮಾರು ಒಂದೂವರೆ ವರ್ಷಕಾಲ ಒಂದು ಅರವಟ್ಟಿಗೆಯನ್ನು ನಡೆಸಿದೆ. ಅದು ನೀರಿನದಲ್ಲ, ಮಾತಿನದು. ಅದರ ಕಥೆಯನ್ನು, ಅದರಲ್ಲಿ ನಾನು ಮಾಡಿದ ಒಂದು ತಪ್ಪಿನೊಡನೆ, ಇಲ್ಲಿ ಹೇಳಿಕೊಳ್ಳುತ್ತೇನೆ.

ಅದನ್ನು ಬಲ್ಲವರು 'ಡಯಲ್-ಅಪ್ ಬುಲೆಟಿನ್ ಬೋರ್ಡ್' ಎನ್ನುತ್ತಾರೆ. ನಮ್ಮ ಕಾಲೇಜಿನ ಕಚೇರಿಯ ಮುಂದೆ ಪರೀಕ್ಷಾಶುಲ್ಕದ ಕೊನೆಯ ದಿನಾಂಕವನ್ನು ಅಂಟಿಸುವ ಸೂಚನಾಫಲಕವಿದೆಯಲ್ಲ, ಇದೂ ಅದೇ ಜಾತಿಯದು. ಆದರೆ ಇದು ಗೋಡೆಯ ಮೇಲಿರುವುದಿಲ್ಲ, ಯಾರೋ ಒಬ್ಬರ ಮನೆಯ ಕಂಪ್ಯೂಟರಿನೊಳಗೆ ಇರುತ್ತದೆ. ಆ ಕಂಪ್ಯೂಟರನ್ನು ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ತಂತಿಯ ದೂರವಾಣಿಗೆ ಜೋಡಿಸಿರುತ್ತಾರೆ. ಓದಬೇಕೆನ್ನುವವನು ತನ್ನ ಮನೆಯಲ್ಲಿಯೂ ಅಂಥದೇ ಪೆಟ್ಟಿಗೆಯನ್ನಿಟ್ಟುಕೊಂಡು ಈ ಸಂಖ್ಯೆಗೆ ಕರೆಮಾಡಬೇಕು. ಅಕ್ಷರವನ್ನು ಸದ್ದಾಗಿ ಮಾರ್ಪಡಿಸಿ ತಂತಿಯ ಮೇಲೆ ಕಳುಹಿಸುವುದು, ಬಂದ ಸದ್ದನ್ನು ಮರಳಿ ಅಕ್ಷರವಾಗಿಸುವುದು, ಇಷ್ಟೇ ಮೋಡೆಮ್ಮಿನ ಕಸುಬು. ಒಂದು ತಂತಿಗೆ ಒಬ್ಬನೇ ಅತಿಥಿ. ಅವನು ಓದಿ, ಬರೆದು, ಹೊರಡುವವರೆಗೆ ಉಳಿದವರಿಗೆ ಎಂಗೇಜ್ ಸದ್ದೇ ಗತಿ. ಅವನು ಬರೆದಿಟ್ಟು ಹೋದುದನ್ನು ಮುಂದೆ ಬಂದವನು ಓದಿ ಉತ್ತರ ಬರೆದಿಡುತ್ತಾನೆ. ಒಂದೇ ಜಗಲಿಯ ಮೇಲೆ ದಿನವೂ ಕುಳಿತರೂ ಇಬ್ಬರೂ ಎಂದೂ ಎದುರುಬದುರಾಗುವುದಿಲ್ಲ. ಈ ಜಗಲಿಯ ಯಜಮಾನನಿಗೆ 'ಸಿಸಾಪ್' ಎಂದು ಹೆಸರು.

ಇದು ಮೊದಲು ಹುಟ್ಟಿದ್ದು ಅಮೆರಿಕದ ಷಿಕಾಗೋ ನಗರದಲ್ಲಿ. ೧೯೭೮ರ ಜನವರಿಯಲ್ಲಿ ಅಲ್ಲಿ ವಿಪರೀತ ಹಿಮ ಬಿದ್ದು ಜನ ಮನೆಯಿಂದ ಹೊರಗೆ ಬರಲಾರದೆ ಕುಳಿತಿದ್ದರು. ಹಾಗೆ ಕುಳಿತವರಲ್ಲಿ ವಾರ್ಡ್ ಕ್ರಿಸ್ಟೆನ್ಸನ್, ರ‍್ಯಾಂಡಿ ಸುಯೆಸ್ ಎಂಬ ಇಬ್ಬರು ಗೆಳೆಯರಿದ್ದರು. ಇಬ್ಬರೂ ಕಂಪ್ಯೂಟರ್ ಹವ್ಯಾಸಿಗಳ ಸಂಘವೊಂದರ ಸದಸ್ಯರು. ಸಂಘದಲ್ಲಿ ಚೀಟಿ ಚುಚ್ಚುವ ಹಲಗೆಯೊಂದು ಇತ್ತು. ಆ ಹಲಗೆಯನ್ನೇ ಕಂಪ್ಯೂಟರಿನೊಳಗೆ ಇಟ್ಟರೆ ಮನೆಯಿಂದಲೇ ಓದಬಹುದಲ್ಲ ಎಂದು ಅವರಿಗೆ ತೋರಿತು. ಕ್ರಿಸ್ಟೆನ್ಸನ್ ತಂತ್ರಾಂಶವನ್ನು ಬರೆದರು. ಸುಯೆಸ್ ಯಂತ್ರವನ್ನು ಜೋಡಿಸಿದರು. ೧೯೭೮ರ ಫೆಬ್ರವರಿ ೧೬ರಂದು ಬೋರ್ಡು ಸಾರ್ವಜನಿಕರಿಗೆ ತೆರೆಯಿತು. ಆಗಿನ ಮೋಡೆಮ್ಮುಗಳ ವೇಗ ಸೆಕೆಂಡಿಗೆ ೩೦೦ ಬಿಟ್ಟುಗಳು, ಎಂದರೆ ಸುಮಾರು ೩೦ ಅಕ್ಷರಗಳು. ೮೦ ಅಕ್ಷರಗಳ ೨೪ ಸಾಲು ಪರದೆಯನ್ನು ತುಂಬಬೇಕಾದರೆ ಒಂದು ನಿಮಿಷಕ್ಕೂ ಮೀರಿ ಹಿಡಿಯುತ್ತಿತ್ತು. ೧೯೮೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನ್ನಿಂಗ್ಸ್ ಎಂಬುವರು ಫೈಡೋನೆಟ್ ಎಂಬ ಏರ್ಪಾಡು ಮಾಡಿದರು. ಕರೆಯ ದರ ಕಡಮೆಯಿರುವ ನಡುರಾತ್ರಿಯಲ್ಲಿ ಒಂದೂರಿನ ಬೋರ್ಡು ಇನ್ನೊಂದೂರಿನ ಬೋರ್ಡಿಗೆ ತಾನೇ ಕರೆಮಾಡಿ ಪತ್ರಗಳ ಕಟ್ಟನ್ನು ದಾಟಿಸುತ್ತಿತ್ತು. ಯಜಮಾನರು ನಿದ್ದೆಹೋದ ಮೇಲೆ ಮನೆಯ ಯಂತ್ರಗಳು ಒಂದನ್ನೊಂದು ಕೂಗಿ ಮಾತನಾಡಿಸುತ್ತಿದ್ದುವೆಂದು ನೆನೆದರೆ ನನಗೆ ಇಂದಿಗೂ ರೋಮಾಂಚವಾಗುತ್ತದೆ.

ಷಿಕಾಗೋದ ಸಂಗತಿ ನಮ್ಮ ತಾಲ್ಲೂಕು ಕೇಂದ್ರಕ್ಕೆ ಹೇಗೆ ಬಂದಿತೆಂದು ನೀವು ಕೇಳಬಹುದು. ನಾನು ಸಂಜೆಯ ಹೊತ್ತು ಬಸ್ ನಿಲ್ದಾಣದ ಬಳಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಮಾಡುತ್ತೇನೆ. ಅಂಗಡಿಯ ಅಟ್ಟವನ್ನು ಗುಡಿಸುವಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಹಳೆಯ ಮೋಡೆಮ್ಮುಗಳು ಸಿಕ್ಕಿದುವು. ಗುಜರಿಗೆ ಹಾಕಲೆಂದು ಕೆಳಗೆ ತಂದಿಟ್ಟಿದ್ದೆ. ಆ ಹೊತ್ತಿಗೆ ಪಿಂಚಣಿಯ ಕಾಗದದ ನಕಲು ಮಾಡಿಸಲು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಬಂದರು. ಪೆಟ್ಟಿಗೆಯನ್ನು ಕಂಡವರೇ, ಹಳೆಯ ಶಿಷ್ಯನನ್ನು ಕಂಡಂತೆ ಒಂದು ಮೋಡೆಮ್ಮನ್ನು ಕೈಗೆತ್ತಿಕೊಂಡರು. "ಇದನ್ನು ಗುಜರಿಗೆ ಹಾಕ್ತೀಯೇನಯ್ಯ? ಇದು ಮಾತಾಡುತ್ತೆ ಕಣೋ!" ಎಂದರು.

೧೯೯೦ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ಅವರು ಸಿಐಎಕ್ಸ್ ಎಂಬ ಬೋರ್ಡನ್ನು ನಡೆಸುತ್ತಿದ್ದರು. ನಮ್ಮ ಮೇಷ್ಟ್ರು ಇಲ್ಲಿಂದ ಅದಕ್ಕೆ ಎಸ್.ಟಿ.ಡಿ. ಕರೆಮಾಡುತ್ತಿದ್ದರಂತೆ, ರಾತ್ರಿ ಹನ್ನೊಂದು ಗಂಟೆಯಾಗಿ ದರ ಕಾಲುಭಾಗಕ್ಕಿಳಿದ ಮೇಲೆ. ೧೯೯೫ರ ಆಗಸ್ಟ್ ೧೫ರಂದು ನಮ್ಮ ದೇಶದಲ್ಲಿ ಅಂತರಜಾಲ ಸಾರ್ವಜನಿಕರಿಗೆ ದೊರೆಯತೊಡಗಿತು. ಕೆಲವೇ ವರ್ಷಗಳಲ್ಲಿ ಬೋರ್ಡುಗಳ ಕಾಲ ಮುಗಿಯಿತು. ಮೇಷ್ಟ್ರ ಮೋಡೆಮ್ಮೂ ಟ್ರಂಕು ಸೇರಿತು. "ಅದು ಇನ್ನೂ ಇದೆ. ನೀನು ಬೋರ್ಡು ಮಾಡು, ನಾನು ಕರೆಮಾಡುತ್ತೇನೆ" ಎಂದು ಅವರು ಹೇಳಿದರು. ಮೇಷ್ಟ್ರು ಹೇಳಿದ ಮೇಲೆ ಆಯಿತು.

ಅಂಗಡಿಯ ಅಣ್ಣನದು ಧಾರಾಳ ಮನಸ್ಸು. ರಾತ್ರಿ ಎಂಟರಿಂದ ಹತ್ತರವರೆಗೆ ಅಂಗಡಿಯ ಫೋನನ್ನು ಉಪಯೋಗಿಸಲು ಒಪ್ಪಿದರು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದರ ಮೇಲೆ ಈಗ ಉಚಿತವಾಗಿ ಸಿಗುವ ಒಂದು ಹಳೆಯ ಬೋರ್ಡ್ ತಂತ್ರಾಂಶವನ್ನು ಕೂಡಿಸಿದೆ. ಹೇಳಿದಷ್ಟು ಸುಲಭವಾಗಿ ಅದು ಆಗಲಿಲ್ಲ. ಹನ್ನೆರಡು ರಾತ್ರಿ ಹಿಡಿಯಿತು. ಮೊದಲ ವಾರ ಎಂಟು ಗಂಟೆಯ ಮೇಲೂ ಗಿರಾಕಿಗಳು ಅಂಗಡಿ ತೆರೆದಿದೆಯೇ ಎಂದು ಕೇಳಲು ಫೋನು ಮಾಡುತ್ತಿದ್ದರು. ಫೋನೆತ್ತುತ್ತಿದ್ದುದು ಮೋಡೆಮ್ಮು. ಅದರ ಕೀರಲು ಕೂಗನ್ನು ಕೇಳಿದ ಬಾಂಡ್ ಬರೆಯುವ ಗುಮಾಸ್ತರೊಬ್ಬರು ಮರುದಿನ ಬಂದು, "ನಿಮ್ಮ ಫೋನಿಗೆ ಏನೋ ಮೆಟ್ಟಿಕೊಂಡಿದೆ, ಒಂದು ನಿಂಬೆಹಣ್ಣು ಕಟ್ಟಿ" ಎಂದು ಹೇಳಿಹೋದರು. ಅಣ್ಣ ನಿಜವಾಗಿಯೂ ಕಟ್ಟಿದರು. ಮುಂದೆ ಬೋರ್ಡು ಸರಿಯಾಗಿ ನಡೆಯಿತು.

ನನ್ನ ಅರವಟ್ಟಿಗೆಗೆ ನಾಲ್ವರು ಬರುತ್ತಿದ್ದರು. ಮೊದಲನೆಯವರು ಮೇಷ್ಟ್ರು. ಎರಡನೆಯವರು ಮೈಸೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಅವರ ಹಳೆಯ ಶಿಷ್ಯರು. ಮೂರನೆಯವನು ನನ್ನ ಸಹಪಾಠಿ. ಅವನ ತಂದೆಯ ಔಷಧದ ಅಂಗಡಿಯಲ್ಲಿ ಫೋನಿತ್ತು, ಉಳಿದ ಮೋಡೆಮ್ಮನ್ನು ಅವನಿಗೆ ಕೊಟ್ಟಿದ್ದೆ. ನಾಲ್ಕನೆಯವರು ಬೆಂಗಳೂರಿನ ಯಾರೋ ಒಬ್ಬರು. ತಿಂಗಳಿಗೊಮ್ಮೆ ಬಂದು, ಎಲ್ಲವನ್ನೂ ಓದಿ, ಒಂದಕ್ಷರವನ್ನೂ ಬರೆಯದೆ ಹೋಗುತ್ತಿದ್ದರು. ಇಂಥವರು ಎಲ್ಲ ಅರವಟ್ಟಿಗೆಗಳಿಗೂ ಬರುತ್ತಾರೆ.

ಕೈಯಲ್ಲಿ ಅಂಗೈಯಗಲದ ಫೋನಿಟ್ಟುಕೊಂಡು ಈ ಹುಚ್ಚೇಕೆ ಎಂದು ಹಾಸ್ಟೆಲಿನ ಮಿತ್ರರು ನಗುತ್ತಿದ್ದರು. ಅವರಿಗೆ ನಾನು ಹೇಳುವುದಿಷ್ಟೇ: ಕೈಯ ಫೋನಿನಲ್ಲಿ ಇನ್ನೂರು ಜನ ಒಟ್ಟಿಗೆ ಮಾತನಾಡುತ್ತಾರೆ, ಯಾರು ಬಂದರು, ಯಾರು ಹೋದರು ತಿಳಿಯುವುದಿಲ್ಲ. ಇಲ್ಲಿ ಒಬ್ಬರು ಬರುತ್ತಾರೆ. ಫೋನು ಒಮ್ಮೆ ಗಣಗುಟ್ಟಿ, ಮೋಡೆಮ್ಮು ಕೂಗಿ, ಕೆಂಪುದೀಪ ಹೊತ್ತಿಕೊಂಡರೆ ಮನೆಗೆ ನೆಂಟರು ಬಂದಂತಾಗುತ್ತದೆ. ಆ ತಂತ್ರಾಂಶಕ್ಕೆ ನಮ್ಮ ಲಿಪಿ ಬಾರದು. ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಬರೆಯಬೇಕು. ಹಾಗೆ ಬರೆದರೆ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ ಆಗಿಬಿಡುತ್ತವೆ. ಪರೀಕ್ಷೆಯ ಸಮಯದಲ್ಲಿ ನಾನು "ಹಳ್ಳಿಯದೇ ಚಿಂತೆಯಾಗಿದೆ" ಎಂದು ಬರೆದರೆ, ಮೈಸೂರಿನವರು "ಬಲಭುಜದ ಮೇಲೆ ಬಿದ್ದಿದ್ದರೆ ಚಿಂತೆಯಿಲ್ಲ" ಎಂದು ಉತ್ತರಿಸಿದ್ದರು. ಮಳೆ ಬಂದರೆ ತಂತಿಯಲ್ಲಿ ಸದ್ದು ಸೇರಿ ವಾಕ್ಯದ ನಡುವೆ ಆವರಣಚಿಹ್ನೆಗಳೂ ನಕ್ಷತ್ರಗಳೂ ಉದುರುತ್ತಿದ್ದುವು. ಕ್ರಿಸ್ಟೆನ್ಸನ್ನರು ಇದಕ್ಕಾಗಿಯೇ ೧೯೭೭ರಲ್ಲಿ ಎಕ್ಸ್‌ಮೋಡೆಮ್ ಎಂಬ ಕ್ರಮವನ್ನು ಕಂಡುಹಿಡಿದಿದ್ದರು. ಕಡತವನ್ನು ೧೨೮ ಬೈಟುಗಳ ತುಂಡುಗಳಾಗಿ ಕಳುಹಿಸುವುದು. ಪಡೆದ ಯಂತ್ರ ಒಂದೊಂದು ತುಂಡನ್ನೂ ಲೆಕ್ಕಹಾಕಿ ನೋಡಿ "ಸರಿ" ಎನ್ನುವುದು, ಇಲ್ಲವೆ "ಇನ್ನೊಮ್ಮೆ ಹೇಳು" ಎನ್ನುವುದು. ಮನುಷ್ಯರು ಮಾತನಾಡುವಾಗಲೂ ಈ ಕ್ರಮವಿದ್ದಿದ್ದರೆ ಎಷ್ಟೋ ಮನೆಗಳು ಒಡೆಯುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ.

ಬೋರ್ಡಿನಲ್ಲಿ ಎಲ್ಲರೂ ಓದುವ ಪತ್ರಗಳಂತೆ ಒಬ್ಬರಿಗೊಬ್ಬರು ಬರೆಯುವ ಖಾಸಗಿ ಪತ್ರಗಳೂ ಇರುತ್ತವೆ. ಖಾಸಗಿ ಎಂಬುದು ಅತಿಥಿಗಳ ಮಟ್ಟಿಗೆ ಮಾತ್ರ. ಯಜಮಾನನಿಂದ ಮುಚ್ಚಿದ್ದು ಯಾವುದೂ ಇಲ್ಲ. ಅಷ್ಟೇ ಅಲ್ಲ, ಅತಿಥಿ ತನ್ನ ಮನೆಯಲ್ಲಿ ಕುಳಿತು ಒತ್ತಿದ ಒಂದೊಂದು ಅಕ್ಷರವೂ ಅದೇ ಕ್ಷಣ ಯಜಮಾನನ ಪರದೆಯ ಮೇಲೂ ಮೂಡುತ್ತದೆ. ಆದುದರಿಂದ ಯಾರಾದರೂ ಖಾಸಗಿ ಪತ್ರಕ್ಕೆ ತೊಡಗಿದರೆ ನಾನು ಪರದೆಯ ಗುಂಡಿಯನ್ನೊತ್ತಿ ಆರಿಸಿಬಿಡುತ್ತಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ನನ್ನ ಮಟ್ಟಿಗೆ ನಾನು ಇಟ್ಟುಕೊಂಡ ನೇಮ.

೨೦೨೪ರ ಜುಲೈ ತಿಂಗಳ ಒಂದು ರಾತ್ರಿ ಮೇಷ್ಟ್ರು ಕರೆಮಾಡಿ ಮೈಸೂರಿನವರಿಗೆ ಖಾಸಗಿ ಪತ್ರ ಬರೆಯತೊಡಗಿದರು. ನನ್ನ ಕೈ ಗುಂಡಿಯವರೆಗೆ ಹೋಯಿತು. ಮೊದಲ ಸಾಲಿನಲ್ಲಿ 'ಹುಡುಗ' ಎಂಬ ಮಾತು ಕಂಡಿತು. ಆ ಹುಡುಗ ನಾನೇ ಇರಬೇಕೆನಿಸಿತು. ಕೈ ಅಲ್ಲಿಯೇ ನಿಂತಿತು.

ಮೇಷ್ಟ್ರು ನಿಧಾನವಾಗಿ ಅಕ್ಷರ ಒತ್ತುವವರು. ಪತ್ರ ಮುಗಿಯಲು ಇಪ್ಪತ್ತು ನಿಮಿಷವಾಯಿತು. ಅಷ್ಟು ಹೊತ್ತೂ ನಾನು ನೋಡುತ್ತಿದ್ದೆ. ಕಳ್ಳನಿಗೂ ಇಪ್ಪತ್ತು ನಿಮಿಷದಲ್ಲಿ ಒಮ್ಮೆ ಬುದ್ಧಿ ಬರಬಹುದು, ನನಗೆ ಬರಲಿಲ್ಲ. ತಮ್ಮ ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದಕ್ಕೂ ಹೆಚ್ಚು ದಿನವಿಲ್ಲವೆಂದು ವೈದ್ಯರು ಹೇಳಿದ್ದಾರೆ, ಪರದೆಯ ಮೇಲಿನ ಅಕ್ಷರಗಳು ಸರಿಯಾಗಿ ಕಾಣುವುದಿಲ್ಲ ಎಂದು ಬರೆದಿದ್ದರು. ಒಂದು ಕಡೆ 'ಕುರುಡು' ಎಂದು ಬರೆದರು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದೊಂದಾಗಿ ಆ ಅಕ್ಷರಗಳು ಹಿಂದಕ್ಕೆ ಅಳಿಸಿಹೋದುವು. ಆ ಜಾಗದಲ್ಲಿ 'ಮಂಜು' ಎಂಬ ಮಾತು ಬಂದಿತು. ಕೊನೆಗೆ ಬರೆದರು: "ನನಗೆ ಈಗ ಹೇಳುವುದಕ್ಕೂ ಏನೂ ಉಳಿದಿಲ್ಲ. ಆದರೆ ಹುಡುಗ ದೀಪ ಹಚ್ಚಿಕೊಂಡು ಕಾದಿರುತ್ತಾನೆ. ನಾವು ಹೋಗದಿದ್ದರೆ ಯಾರು ಹೋಗುತ್ತಾರೆ? ನೀನೂ ಬಿಡಬೇಡ. ಅವನಿಗೆ ಹೇಳಬೇಡ."

ಫೋನು ಕಡಿಯಿತು. ಕೆಂಪುದೀಪ ಆರಿತು.

ನಾನು ನೀರಿಡುತ್ತಿದ್ದೇನೆ, ಬಾಯಾರಿದವರು ಬಂದು ಕುಡಿಯುತ್ತಿದ್ದಾರೆ ಎಂದು ಹತ್ತು ತಿಂಗಳಿನಿಂದ ಎದೆಯುಬ್ಬಿಸಿಕೊಂಡಿದ್ದವನು ನಾನು. ಬಾಯಾರಿಕೆಯಿಲ್ಲದಿದ್ದರೂ, ಇಟ್ಟವನ ಮನಸ್ಸು ನೋಯಬಾರದೆಂದು ಆ ಮುದುಕರು ದಿನವೂ ಎರಡು ಗುಟುಕು ಕುಡಿದು ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅಳಿಸಿದ ಆ ಒಂದು ಮಾತು. ಪತ್ರ ಯಾರಿಗೆ ಬರೆದದ್ದೋ ಅವರೂ ಅದನ್ನು ನೋಡಲಿಲ್ಲ. ನೋಡಿದವನು ನಾನೊಬ್ಬನೇ.

ಆ ದಿನಗಳಲ್ಲಿ, ಬೇರೆ ಸಿಸಾಪರು ಏನು ಮಾಡುತ್ತಿದ್ದರೆಂದು ಹುಡುಕಿ ಓದಿದೆ. ಅಮೆರಿಕದಲ್ಲಿ ೧೯೮೬ರಲ್ಲಿಯೇ ಇಂಥ ಪತ್ರಗಳ ಖಾಸಗಿತನದ ಬಗ್ಗೆ ಕಾಯಿದೆಯಾಗಿತ್ತು. ಅದಾದ ಮೇಲೆ ಅನೇಕ ಬೋರ್ಡುಗಳ ಬಾಗಿಲಲ್ಲಿ, "ಇಲ್ಲಿನ ಯಾವ ಪತ್ರವನ್ನೂ ಯಜಮಾನನು ಓದಬಲ್ಲ, ತಿಳಿದು ಬರೆಯಿರಿ" ಎಂಬ ಅರ್ಥದ ಸೂಚನೆಯನ್ನು ಹಾಕುತ್ತಿದ್ದರು. ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಎಂಬ ಆಟಗಳ ಪ್ರಕಾಶನ ಸಂಸ್ಥೆ ಒಂದು ಬೋರ್ಡನ್ನು ನಡೆಸುತ್ತಿತ್ತು. ೧೯೯೦ರ ಮಾರ್ಚ್ ೧ರಂದು ಸರಕಾರದ ಸೀಕ್ರೆಟ್ ಸರ್ವಿಸ್‌ನವರು ಬೇರೊಂದು ತನಿಖೆಯ ಸಲುವಾಗಿ ಆ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರು. ಅದರೊಳಗೆ, ಬರೆಸಿಕೊಂಡವರು ಇನ್ನೂ ಓದಿರದ ೧೬೨ ಖಾಸಗಿ ಪತ್ರಗಳಿದ್ದುವು. ಸಂಸ್ಥೆ ದಾವೆ ಹೂಡಿತು. ೧೯೯೩ರಲ್ಲಿ ನ್ಯಾಯಾಲಯ, ಆ ಪತ್ರಗಳ ವಿಷಯದಲ್ಲಿ ಸರಕಾರ ಕಾಯಿದೆಯನ್ನು ಮೀರಿತೆಂದು ತೀರ್ಪುಕೊಟ್ಟಿತು. ೧೬೨ ಪತ್ರಗಳಿಗಾಗಿ ಒಂದು ಸರಕಾರ ಕಟಕಟೆ ಹತ್ತಿತು. ನನ್ನದು ಒಂದೇ ಪತ್ರ. ಕೇಳುವವರು ಯಾರೂ ಇಲ್ಲ.

ಆ ಶನಿವಾರ ಊರಿಗೆ ಹೋದಾಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಕಂಪ್ಯೂಟರಿನ ಭಾಗ ಅವಳಿಗೆ ಎಷ್ಟು ತಿಳಿಯಿತೋ ಕಾಣೆ; ಉಳಿದದ್ದು ನನಗಿಂತ ಚೆನ್ನಾಗಿ ತಿಳಿಯಿತು. ಅವ್ವನಿಗೆ ಓದು ಬಾರದು. ಅವಳು ಹೊಸದಾಗಿ ಮದುವೆಯಾಗಿ ಬಂದಾಗ ಬೆಂಗಳೂರಿನ ಹೋಟೆಲಿನಲ್ಲಿದ್ದ ಅವಳ ಅಣ್ಣ ಕಾಗದ ಬರೆಯುತ್ತಿದ್ದನಂತೆ. ಏಳನೆಯ ಇಯತ್ತೆ ಓದಿದ ಪಕ್ಕದ ಮನೆಯ ಹುಡುಗಿ ಓದಿ ಹೇಳುತ್ತಿದ್ದಳು. ಮೊದಲು ತಾನು ಮನಸ್ಸಿನಲ್ಲಿ ಓದಿಕೊಂಡು ಆಮೇಲೆ ಗಟ್ಟಿಯಾಗಿ ಓದುತ್ತಿದ್ದಳು. ಆ ನಡುವಿನ ಹೊತ್ತಿನಲ್ಲಿ ಅವ್ವ ಹುಡುಗಿಯ ಮುಖವನ್ನು ನೋಡುತ್ತ ನಿಂತಿರಬೇಕು. ಅಣ್ಣ ಕೆಲಸ ಕಳೆದುಕೊಂಡು ಸಾಲದಲ್ಲಿದ್ದಾನೆಂಬ ಕಾಗದ ಬಂದ ದಿನ ಸಂಜೆಯೊಳಗೆ ಬಾವಿಕಟ್ಟೆಗೆಲ್ಲ ಸುದ್ದಿ ಮುಟ್ಟಿತ್ತು.

"ಆವತ್ತೇ ಅಂದ್ಕೊಂಡೆ, ನನ್ ಮಗ ಓದ್ಬೇಕು, ನಮ್ಮನೆ ಕಾಗ್ದ ನಮ್ಮನೇಲೇ ಇರ್ಬೇಕು ಅಂತ" ಎಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಓದೋಕ್ ಬತ್ತದೆ ಅಂತ ಓದ್ಬುಡೋದಾ ಮಗ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಿಂದಿರುಗಿದ ಮೇಲೂ ನನಗೆ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ಅದರ ಬದಲು ಒಂದು ಉಪಾಯ ಮಾಡಿದೆ. ಬೋರ್ಡಿನ ಸಾಲುಗಳನ್ನೆಲ್ಲ ೮೦ ಅಕ್ಷರಗಳಿಂದ ೪೦ಕ್ಕೆ ಇಳಿಸಿ, "ಬೇಕಾದವರು ತಮ್ಮ ಪರದೆಯನ್ನು ೪೦ ಅಕ್ಷರಗಳ ಸಾಲಿಗೆ ಬದಲಿಸಿಕೊಂಡರೆ ಅಕ್ಷರಗಳು ದಪ್ಪನಾಗಿ ಕಾಣುತ್ತವೆ" ಎಂದು ಸೂಚನೆ ಹಾಕಿದೆ. ಎಲ್ಲರ ಅನುಕೂಲಕ್ಕಾಗಿ ಎಂಬ ಸುಳ್ಳನ್ನೂ ಸೇರಿಸಿದೆ. ಮೇಷ್ಟ್ರು ಅದನ್ನು ಓದಿದ ರಾತ್ರಿ ಏನೂ ಬರೆಯದೆ ಹೋದರು. ಮುಂದೆ ಮೂರು ದಿನ ಕರೆಯೇ ಬರಲಿಲ್ಲ.

ನಾಲ್ಕನೆಯ ದಿನ ಸಂಜೆ ಕೊಡೆ ಹಿಡಿದುಕೊಂಡು ಅಂಗಡಿಗೆ ಬಂದರು. ಯಾವುದೋ ರಶೀತಿಯ ನಕಲು ಬೇಕಿತ್ತು. ನಾನು ಮಾಡಿಕೊಟ್ಟೆ. ಚಿಲ್ಲರೆಯನ್ನು ಬೆರಳಿನಿಂದ ತಡವಿ ಎಣಿಸುತ್ತ, "ದಪ್ಪಕ್ಷರ ಯಾರಿಗಪ್ಪ?" ಎಂದರು.

"ಸಾರ್, ಆವತ್ತು ರಾತ್ರಿ ನಾನು ಪರದೆ ಆರಿಸಲಿಲ್ಲ" ಎಂದೆ.

"ಅಳಿಸಿದ್ದೂ ಕಂಡಿತೇನು?"

"ಕಂಡಿತು ಸಾರ್."

ಅವರು ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡರು. "ಮನೆಯಲ್ಲೂ ಆ ಮಾತು ಇನ್ನೂ ಹೇಳಿಲ್ಲ ಕಣಯ್ಯ" ಎಂದಷ್ಟೇ ಹೇಳಿ ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಆ ರಾತ್ರಿ ಕುಳಿತು ಬೋರ್ಡಿನ ಬಾಗಿಲಲ್ಲಿ ಹೊಸದೊಂದು ಸೂಚನೆ ಬರೆದೆ: "ಇಲ್ಲಿ ಬರೆದ ಖಾಸಗಿ ಪತ್ರವನ್ನು ಬೋರ್ಡು ನಡೆಸುವವನು ಓದಬಲ್ಲ. ಒಮ್ಮೆ ಓದಿದ್ದಾನೆ." ನನ್ನ ಸಹಪಾಠಿ ಅದನ್ನು ನೋಡಿ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟ, ಅವನು ಯಾರಿಗೆ ಏನು ಬರೆದಿದ್ದನೋ ನಾನರಿಯೆ. ಮೈಸೂರಿನವರು ಏನೂ ಅನ್ನಲಿಲ್ಲ. ಬೆಂಗಳೂರಿನವರು ಮೊತ್ತಮೊದಲ ಬಾರಿಗೆ ಒಂದು ಸಾಲು ಬರೆದರು: "ಹೇಳಿದ್ದು ಒಳ್ಳೆಯದಾಯಿತು." ವಾರದ ಮೇಲೆ ಒಂದು ರಾತ್ರಿ ಒಂಬತ್ತಕ್ಕೆ ಫೋನು ಗಣಗುಟ್ಟಿತು. ಮೇಷ್ಟ್ರು! ಎಲ್ಲರೂ ಓದುವ ಫಲಕದ ಮೇಲೆಯೇ ಬರೆದರು: "ಇಲ್ಲಿ ಮಳೆ. ತಂತಿಯಲ್ಲಿ ಸದ್ದು ಹೆಚ್ಚು. ಅಕ್ಷರ ಕಾಣುತ್ತಿದೆ."

ಆ ಅಕ್ಟೋಬರಿನಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ತೀರಿಕೊಂಡ ಸುದ್ದಿಯನ್ನು ಫಲಕದ ಮೇಲೆ ಹಾಕಿದೆ. ರ‍್ಯಾಂಡಿ ಸುಯೆಸ್ ೨೦೧೯ರಲ್ಲಿಯೇ ತೀರಿಕೊಂಡಿದ್ದರು. ೨೦೨೫ರ ಜನವರಿಯ ಕೊನೆಯಲ್ಲಿ ಅಂಗಡಿಯ ತಾಮ್ರದ ತಂತಿಯನ್ನು ತೆಗೆದು ಗಾಜಿನ ತಂತಿಯನ್ನು ಎಳೆದರು. ಹೊಸ ಫೋನಿನ ಮೇಲೆ ಎಷ್ಟು ಪ್ರಯತ್ನಿಸಿದರೂ ನನ್ನ ಹಳೆಯ ಮೋಡೆಮ್ಮಿನ ಕೂಗು ನಿಲ್ಲಲಿಲ್ಲ. ಅರವಟ್ಟಿಗೆ ಮುಚ್ಚಿತು. ಅಂಗಡಿಯ ಅಣ್ಣ ನಿಂಬೆಹಣ್ಣನ್ನು ಮಾತ್ರ ಇನ್ನೂ ಕಟ್ಟುತ್ತಿದ್ದಾರೆ.

ಈಗ ಭಾನುವಾರಗಳಂದು ನಾನು ಮೇಷ್ಟ್ರ ಮನೆಗೆ ಹೋಗುತ್ತೇನೆ. ಅಳಿಸಿದ ಮಾತು ಈಗ ಮನೆಯವರಿಗೂ ತಿಳಿದಿದೆ. ಪತ್ರಿಕೆಯನ್ನು ಓದಿ ಹೇಳುತ್ತೇನೆ; ನಡುನಡುವೆ ಅವರು ನನ್ನ ಉಚ್ಚಾರಣೆಯನ್ನು ತಿದ್ದುತ್ತಾರೆ. ಕೆಲವೊಮ್ಮೆ ಅವರ ಹೆಸರಿಗೆ ಬಂದ ಕಾಗದಗಳೂ ಇರುತ್ತವೆ. ಅವನ್ನು ಬಿಡಿಸುವ ಮೊದಲು, "ಇದು ಇಂಥವರಿಂದ ಬಂದಿದೆ ಸಾರ್, ಓದಲೇ?" ಎಂದು ಕೇಳುತ್ತೇನೆ. ಒಂದೊಂದು ಸಲ ಅವರು "ಓದು" ಎನ್ನುತ್ತಾರೆ. ಒಂದೊಂದು ಸಲ "ಅದನ್ನು ಅಲ್ಲಿ ಇಡು" ಎನ್ನುತ್ತಾರೆ. ಇಡುತ್ತೇನೆ.